ಎಂ.ಡಿ.ಯೋ, ಪೋಡಿಯಾಟ್ರಿಯೋ: ಠೇವಣಿ ಕಟ್ಟುವ ಮುನ್ನ

ಅಮೆರಿಕದಲ್ಲಿ ಪ್ರೀ-ಮೆಡ್ (ವೈದ್ಯಕೀಯ ಕಾಲೇಜಿಗೆ ಮುಂಚಿನ ಪದವಿ) ಓದುವ ಮಕ್ಕಳ ಮನೆಯಲ್ಲಿ ಪೋಡಿಯಾಟ್ರಿಯ, ಅಂದರೆ ಪಾದ-ಕಣಕಾಲಿನ ಚಿಕಿತ್ಸೆಯ, ಮಾತು ಮೊದಲ ವರ್ಷಕ್ಕೇ ಬರುವುದು ಅಪರೂಪ. ಆಗ ಕಣ್ಣಿರುವುದು ಎಂ.ಡಿ. ಮೇಲೆ, ಅಂದರೆ ಅಲ್ಲಿ ವೈದ್ಯರಾಗಲು ಓದುವ ಮೂಲ ಪದವಿಯ ಮೇಲೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ‘ಸಿ’ ಬಿದ್ದು, ಮೂರನೇ ವರ್ಷದ ಬೇಸಿಗೆಯಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ಎಂಕ್ಯಾಟ್ ಅಂಕ 497 ಎಂದು ಬಂದ ಮೇಲೆ ಅದು ಶುರುವಾಗುತ್ತದೆ. ‘ಅದೂ ಡಾಕ್ಟರೇ ತಾನೆ?’ ಅಂತ ಅಪ್ಪ, ‘ಬರೀ ಕಾಲು ನೋಡೋದಂತೆ ಕಣ್ರೀ’ ಅಂತ ಅಮ್ಮ. ಇಬ್ಬರ ಮಾತೂ ನಿಜವೇ, ಇಬ್ಬರದೂ ಅರ್ಧ ನಿಜ.

ಪೋಡಿಯಾಟ್ರಿಯ ಡಿ.ಪಿ.ಎಂ. ಪದವಿಗೆ ನಾಲ್ಕು ವರ್ಷದ ಓದು, ಅದರ ಮೇಲೆ ಮೂರು ವರ್ಷದ ಸರ್ಜಿಕಲ್ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು, ಆಸ್ಪತ್ರೆಗೆ ರೋಗಿಯನ್ನು ಸೇರಿಸಬಹುದು. ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಕಾಯ್ದೆಯ ವ್ಯಾಖ್ಯೆಯಲ್ಲಿ ಪೋಡಿಯಾಟ್ರಿಸ್ಟ್ ಕೂಡ ‘ಫಿಸಿಶಿಯನ್’. ಆದರೆ ರಾಜ್ಯದ ಕಾನೂನು ಒಪ್ಪಿದ ಕೆಲಸಗಳ ಮಟ್ಟಿಗೆ ಮಾತ್ರ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2018ರ ಮಿಷನ್ ಆಕ್ಟ್ ಬಂದ ಮೇಲೆ ಅವರನ್ನು ವೇತನದ ವಿಷಯದಲ್ಲಿ ಎಂ.ಡಿ.ಗಳ ಮತ್ತು ಡಿ.ಒ.ಗಳ (ಆಸ್ಟಿಯೋಪಥಿ ಕಾಲೇಜಿನ, ಎಂ.ಡಿ.ಗೆ ಸಮನಾದ ಪದವಿಯವರ) ಸಾಲಿಗೆ ತಂದಿದ್ದಾರೆ. ಇಷ್ಟೆಲ್ಲ ಇದ್ದರೂ ಲೈಸೆನ್ಸಿಗೆ ಗಡಿ ಇದೆ. ಒಂದು ಸಣ್ಣ ಉದಾಹರಣೆ ಸಾಕು. ಸಕ್ಕರೆ ಕಾಯಿಲೆಯವರಿಗೆ ಮೆಡಿಕೇರ್ ವರ್ಷಕ್ಕೆ ಒಂದು ಜೊತೆ ವಿಶೇಷ ಶೂ, ಮೂರು ಜೊತೆ ಒಳಪದರ ಕೊಡುತ್ತದೆ. ಪಾದ ಪರೀಕ್ಷಿಸಿ ಶೂ ಬರೆದುಕೊಡುವುದು ಪೋಡಿಯಾಟ್ರಿಸ್ಟ್. ಆದರೆ ‘ಈ ರೋಗಿಗೆ ಶೂ ಬೇಕು’ ಎಂಬ ಸರ್ಟಿಫಿಕೇಟಿಗೆ ಆತನ ಸಕ್ಕರೆ ಕಾಯಿಲೆ ನೋಡಿಕೊಳ್ಳುವ ವೈದ್ಯರ ಸಹಿ ಆಗಬೇಕು. ಆ ಒಂದು ಸಹಿಗಾಗಿ ಕ್ಲಿನಿಕ್ಕಿನವರು ವಾರಗಟ್ಟಲೆ ಫ್ಯಾಕ್ಸ್ ಕಳಿಸುತ್ತ ಕೂರುವುದು ಈ ವೃತ್ತಿಯ ದಿನನಿತ್ಯದ ಕಿರಿಕಿರಿ.

ಪ್ರವೇಶದ ಲೆಕ್ಕವನ್ನು ಬೇಗ ಮುಗಿಸೋಣ. ಎಂ.ಡಿ. ಕಾಲೇಜುಗಳಿಗೆ ವರ್ಷಕ್ಕೆ ಸುಮಾರು 52,000 ಜನ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23,000. ಸೇರಿದವರ ಸರಾಸರಿ ಜಿ.ಪಿ.ಎ. (ಪದವಿಯ ಅಂಕ, 4ಕ್ಕೆ) 3.8ರ ಹತ್ತಿರ, ಎಂಕ್ಯಾಟ್ 511-512. ಡಿ.ಒ. ಕಾಲೇಜುಗಳಲ್ಲಿ ಇದು 3.6 ಮತ್ತು 504ರ ಆಸುಪಾಸು. ಪೋಡಿಯಾಟ್ರಿಯಲ್ಲಿ 3.3-3.4 ಮತ್ತು 490ರ ದಶಕದ ನಡುಭಾಗ, ಅಂದರೆ ಪರೀಕ್ಷೆ ಬರೆದ ಎಲ್ಲರ ಸರಾಸರಿಗಿಂತಲೂ ಕೆಳಗೆ. ಬಹಳ ಕಾಲ ಇಡೀ ದೇಶಕ್ಕೆ ಒಂಬತ್ತೇ ಕಾಲೇಜುಗಳಿದ್ದವು. 2022ರಲ್ಲಿ ಟೆಕ್ಸಸ್‌ನ ಹಾರ್ಲಿಂಜನ್‌ನಲ್ಲಿ, 2023ರಲ್ಲಿ ಪೆನ್ಸಿಲ್ವೇನಿಯಾದ ಈರಿಯಲ್ಲಿ ಹೊಸದು ತೆರೆದು ಹನ್ನೊಂದಾದವು. ಸೀಟು ಹೆಚ್ಚಿದೆ, ಅರ್ಜಿ ಹಾಕುವವರು ಕಡಿಮೆಯಾಗಿದ್ದಾರೆ. ಹಾಗಾಗಿ 497 ಬಂದವರನ್ನು ಕಾಲೇಜಿನವರೇ ಹುಡುಕಿಕೊಂಡು ಬಂದರೆ ಆಶ್ಚರ್ಯವಿಲ್ಲ, ಹೆಮ್ಮೆಪಡುವಂಥದ್ದೂ ಅಲ್ಲ.

ಬಾಗಿಲು ಅಗಲವಾಗಿದೆ ಅಂದ ಮಾತ್ರಕ್ಕೆ ಒಳಗಿನ ಓದು ಹಗುರವಲ್ಲ. ಮೊದಲ ಎರಡು ವರ್ಷ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಫಾರ್ಮಕಾಲಜಿ, ಪೆಥಾಲಜಿ ಎಲ್ಲವೂ ಇದ್ದೇ ಇರುತ್ತವೆ. ಡೆಮೋಯ್ನ್‌ ವಿಶ್ವವಿದ್ಯಾಲಯದಂಥ ಕಡೆ ಇವುಗಳಲ್ಲಿ ಎಷ್ಟೋ ಪಾಠ ಡಿ.ಒ. ವಿದ್ಯಾರ್ಥಿಗಳ ಜೊತೆಯಲ್ಲೇ. ಅದರ ಮೇಲೆ ಕಾಲಿನ ಅನಾಟಮಿ ಬೇರೆಯಾಗಿ, ಬಯೋಮೆಕ್ಯಾನಿಕ್ಸ್ ಬೇರೆಯಾಗಿ. ಎರಡನೇ ವರ್ಷ ಮುಗಿಯುವಾಗ ಲೈಸೆನ್ಸ್ ಪರೀಕ್ಷೆ ಎ.ಪಿ.ಎಂ.ಎಲ್.ಇ.ಯ ಮೊದಲ ಭಾಗ. ಅದರಲ್ಲಿ ಫೇಲಾದರೆ ಕ್ಲಿನಿಕಲ್ ವರ್ಷ ಹಿಂದೆ ಸರಿಯುತ್ತದೆ, ಸ್ಕಾಲರ್‌ಶಿಪ್ ಇದ್ದರೆ ಅದಕ್ಕೂ ಕುತ್ತು. ಎಂಕ್ಯಾಟ್ ಕಡಿಮೆ ಬಂದದ್ದು ಆ ದಿನ ಜ್ವರ ಇದ್ದದ್ದಕ್ಕೋ, ಓದುವ ಕ್ರಮವೇ ಹದಗೆಟ್ಟದ್ದಕ್ಕೋ ಎಂಬುದನ್ನು ಅರ್ಜಿಗಿಂತ ಮೊದಲೇ ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಎರಡನೆಯದಾದರೆ ಪೋಡಿಯಾಟ್ರಿಯಲ್ಲೂ ಅದೇ ಕಥೆ ಮುಂದುವರಿಯುತ್ತದೆ, ಈ ಸಲ ಸಾಲದ ಸಮೇತ.

ಕಾಲೇಜು ಆಯುವಾಗ ಕ್ಯಾಂಪಸ್ಸಿನ ಫೋಟೊ ಬಿಟ್ಟು ಮೂರು ಅಂಕಿ ಕೇಳಿ: ಸೇರಿದವರಲ್ಲಿ ನಾಲ್ಕೇ ವರ್ಷಕ್ಕೆ ಮುಗಿಸಿದವರು ಎಷ್ಟು, ಮೊದಲ ಭಾಗವನ್ನು ಮೊದಲ ಸಲಕ್ಕೇ ಪಾಸಾದವರು ಎಷ್ಟು, ರೆಸಿಡೆನ್ಸಿ ಸಿಕ್ಕವರು ಎಷ್ಟು. ಮಾನ್ಯತೆ ಕೊಡುವ ಸಿ.ಪಿ.ಎಂ.ಇ. ನಿಯಮದಂತೆ ಕಾಲೇಜುಗಳು ಇವನ್ನು ಬಹಿರಂಗವಾಗಿ ಪ್ರಕಟಿಸಬೇಕು. ಮೂರನೆಯದು ಎಲ್ಲ ಕಡೆಯೂ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಅದು ಪದವಿ ಮುಗಿಸಿದವರ ಲೆಕ್ಕ. ನಡುವೆ ಬಿಟ್ಟುಹೋದವರು ಅದರಲ್ಲಿ ಇರುವುದಿಲ್ಲ. ಮೊದಲನೆಯ ಅಂಕಿಯೇ ನಿಜ ಹೇಳುವುದು.

ಈಗ ಕೆಲಸದ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಆಯ್ಕೆ ತಪ್ಪುವುದು ಬಹುಪಾಲು ಇಲ್ಲೇ.

ಒಳಕ್ಕೆ ಬೆಳೆದ ಹೆಬ್ಬೆರಳಿನ ಉಗುರನ್ನೇ ತೆಗೆದುಕೊಳ್ಳಿ. ಯಾವ ಪೋಡಿಯಾಟ್ರಿ ಕ್ಲಿನಿಕ್ಕಿನಲ್ಲೂ ಇದು ಇಲ್ಲದ ವಾರವಿಲ್ಲ. ಬೆರಳಿನ ಬುಡದ ಎರಡೂ ಬದಿಗೆ ಲಿಡೊಕೇನ್ ಚುಚ್ಚಿ ಮರಗಟ್ಟಿಸುತ್ತಾರೆ. ಒಟ್ಟು ಮೂರು ಮಿಲಿಲೀಟರ್ ಸಾಕಾಗುತ್ತದೆ. ಬುಡಕ್ಕೆ ಬಿಗಿಯಾದ ರಬ್ಬರ್ ಪಟ್ಟಿ. ಉಗುರಿನ ಅಂಚನ್ನು ಮಾತ್ರ ಉದ್ದಕ್ಕೆ ಸೀಳಿ, ಚರ್ಮದ ಅಡಿಯಲ್ಲಿರುವ ಬೇರಿನವರೆಗೂ ಹೋಗಿ ಇಡಿಯಾಗಿ ಎಳೆದು ತೆಗೆಯಬೇಕು. ಆಮೇಲೆ 89 ಶೇಕಡಾ ಫೀನಾಲನ್ನು ಸಣ್ಣ ಹತ್ತಿಕಡ್ಡಿಯಲ್ಲಿ ಅದ್ದಿ, ಉಗುರು ಹುಟ್ಟುವ ಜಾಗಕ್ಕೆ ಅರ್ಧರ್ಧ ನಿಮಿಷದಂತೆ ಎರಡು ಮೂರು ಸಲ ಉಜ್ಜಿ, ಆಲ್ಕೋಹಾಲ್‌ನಿಂದ ತೊಳೆಯುತ್ತಾರೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಕೆಡುವ ದಾರಿಗಳೂ ಇಲ್ಲೇ ಇವೆ. ರಕ್ತ ಜಿನುಗುತ್ತಿದ್ದರೆ ಫೀನಾಲ್ ತೆಳುವಾಗಿ ಬೇರು ಸುಡುವುದಿಲ್ಲ, ಆರು ತಿಂಗಳಿಗೆ ಉಗುರು ಮತ್ತೆ ಹಾಜರು. ಮೂಲೆಯಲ್ಲಿ ಒಂದು ಸೂಜಿಯಷ್ಟು ಚೂರು ಉಳಿದರೂ ಅದೇ ಗತಿ. ಅಕ್ಕಪಕ್ಕದ ಚರ್ಮಕ್ಕೆ ಫೀನಾಲ್ ತಾಕಿದರೆ ಗಾಯ. ಪಟ್ಟಿ ಬಿಚ್ಚುವುದು ಮರೆತು ಮೇಲೆ ಬ್ಯಾಂಡೇಜ್ ಸುತ್ತಿದರೆ ಬೆರಳೇ ಹೋಗುತ್ತದೆ. ಅದಕ್ಕೇ ಚೆನ್ನಾಗಿ ಕಲಿಸುವ ಕಡೆ ಕಡೆಯ ಸುತ್ತಿಗೆ ಮುನ್ನ ‘ಪಟ್ಟಿ ತೆಗೆದಾಯಿತು’ ಎಂದು ಬಾಯಿಬಿಟ್ಟು ಹೇಳಿಸುತ್ತಾರೆ.

ಇನ್ನೊಂದು ಕೊನೆಯಲ್ಲಿ ಸಕ್ಕರೆ ಕಾಯಿಲೆಯ ಪಾದ. ರೋಗಿಗೆ ನೋವಿಲ್ಲ, ನೋವಿಲ್ಲದಿರುವುದೇ ಕಾಯಿಲೆ. ಕಣ್ಣು ಮುಚ್ಚಿಸಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದದ ಅಡಿಗೆ ಒತ್ತಿದರೆ, ಒತ್ತಿದ್ದೇ ಗೊತ್ತಾಗುವುದಿಲ್ಲ. ಗಟ್ಟಿ ಚರ್ಮದ ಕೆಳಗೆ ಕಪ್ಪು ಚುಕ್ಕೆ ಕಂಡರೆ ಬ್ಲೇಡಿನಿಂದ ಹೆರೆದು ನೋಡಬೇಕು, ಅಡಿಯಲ್ಲಿ ಎಷ್ಟೋ ಸಲ ಹುಣ್ಣಿರುತ್ತದೆ. ಉಕ್ಕಿನ ಕಡ್ಡಿ ಇಳಿಸಿದಾಗ ಮೂಳೆಗೆ ಟಕ್ಕೆಂದು ತಾಕಿದರೆ ಮೂಳೆಗೂ ಸೋಂಕು ಇಳಿದಿರುವ ಅನುಮಾನ. ಕಣಕಾಲಿನ ರಕ್ತದೊತ್ತಡ ‘ಚೆನ್ನಾಗಿದೆ’ ಎಂದು ಬಂದರೆ ನಂಬುವ ಹಾಗಿಲ್ಲ. ಸುಣ್ಣಗಟ್ಟಿದ ರಕ್ತನಾಳ ಒತ್ತಿದರೂ ಮುಚ್ಚಿಕೊಳ್ಳದೆ ಅಂಕಿ ಸುಳ್ಳಾಗಿ ಏರುತ್ತದೆ, ಆಗ ಬೆರಳಿನ ಒತ್ತಡ ನೋಡಬೇಕು. ಇಷ್ಟಾದ ಮೇಲೆ ಹುಣ್ಣಿನ ಮೇಲಿನ ಭಾರ ತಪ್ಪಿಸಲು ಮೊಣಕಾಲಿನ ಕೆಳಗಿನವರೆಗೂ ಕಾಸ್ಟ್ ಹಾಕಿ, ವಾರಕ್ಕೊಮ್ಮೆ ಬಿಚ್ಚಿ ಮತ್ತೆ ಹಾಕುತ್ತ ಹೋಗಬೇಕು. ರೋಗಿ ಇದನ್ನು ಒಪ್ಪುವುದಿಲ್ಲ. ಕಾರು ಓಡಿಸಬೇಕು, ಕೆಲಸಕ್ಕೆ ಹೋಗಬೇಕು. ತಾನೇ ಬಿಚ್ಚಬಹುದಾದ ಬೂಟು ಕೊಟ್ಟರೆ ಮನೆಯೊಳಗೆ ಬಿಚ್ಚಿಟ್ಟು ಓಡಾಡುತ್ತಾನೆ. ವಾಸಿಯಾಗದಿರುವ ಕಾರಣ ಎಷ್ಟೋ ಸಲ ಅಷ್ಟೇ. ಕೊನೆಗೆ ಒಂದು ಬೆರಳು ತೆಗೆಯುವುದು ಆಪರೇಷನ್ ಆಗಿ ಸುಲಭ, ಆ ಮನುಷ್ಯನನ್ನು ಒಪ್ಪಿಸುವುದು ಕಷ್ಟ.

ಇವೆರಡರ ನಡುವೆ ಹಿಮ್ಮಡಿ ನೋವು, ಆಣಿ, ದಪ್ಪಗಾಗಿ ಹಳದಿಗಟ್ಟಿದ ವಯಸ್ಸಾದವರ ಉಗುರುಗಳು, ಹೆಬ್ಬೆರಳ ಬುಡದ ಮೂಳೆ ಸರಿಪಡಿಸುವ ಆಪರೇಷನ್, ಮುರಿದ ಕಣಕಾಲು. ಯಾರ ಪಾಲಿಗೆ ಯಾವುದು ಎಷ್ಟು ಬರುತ್ತದೆ ಎನ್ನುವುದು ರೆಸಿಡೆನ್ಸಿ ಮತ್ತು ಮೊದಲ ನೌಕರಿಯ ಮೇಲೆ ಹೋಗುತ್ತದೆ. ಕಾಲೇಜಿನ ಕರಪತ್ರದಲ್ಲಿ ಇರುವುದು ಆಪರೇಷನ್ ಥಿಯೇಟರ್. ಹಲವರ ಸೋಮವಾರ ಬೆಳಗ್ಗೆ ಇರುವುದು ಉಗುರು. ಇದಕ್ಕೆ ಮೂಗು ಮುರಿಯುವವರು ಮುರಿಯಲಿ. ಬಗ್ಗಿ ಉಗುರು ಕತ್ತರಿಸಿಕೊಳ್ಳಲಾಗದ ಎಂಬತ್ತು ವರ್ಷದವರಿಗೆ ಅದರಷ್ಟು ಉಪಕಾರದ ಚಿಕಿತ್ಸೆ ಇನ್ನೊಂದಿಲ್ಲ. ಆದರೆ ನಿಮಗೆ ಅದು ಒಗ್ಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಕನಿಷ್ಠ ಎರಡು ಬಗೆಯ ಕಡೆ ಹೋಗಿ ಕೂರಬೇಕು: ಒಂದು ಖಾಸಗಿ ಕ್ಲಿನಿಕ್, ಒಂದು ದೊಡ್ಡ ಆಸ್ಪತ್ರೆಯ ಗಾಯದ ವಿಭಾಗ. ಆಪರೇಷನ್ ದಿನ ಮಾತ್ರ ನೋಡಿ ಬಂದರೆ ನೋಡಿದ ಹಾಗಲ್ಲ. ಹೇಗೂ ಹಲವು ಕಾಲೇಜುಗಳು ಪೋಡಿಯಾಟ್ರಿಸ್ಟ್ ಒಬ್ಬರ ಶಿಫಾರಸು ಪತ್ರ ಕೇಳುತ್ತವೆ.

ಎಂ.ಡಿ. ಸಿಗದೆ ಪೋಡಿಯಾಟ್ರಿಗೆ ಬರುವುದರಲ್ಲಿ ತಪ್ಪೇನಿಲ್ಲ, ಹಾಗೆ ಬಂದು ಚೆನ್ನಾಗಿರುವವರು ಬೇಕಾದಷ್ಟಿದ್ದಾರೆ. ತೊಂದರೆ ಆಗುವುದು ‘ಏನಾದರೂ ಒಂದು ಡಾಕ್ಟರ್’ ಆಗಬೇಕೆಂದು ಬಂದವರಿಗೆ. ಎಂ.ಡಿ. ಸೇರಿದವನು ಮೂರನೇ ವರ್ಷದಲ್ಲಿ ಮಕ್ಕಳ ವಿಭಾಗ ಬೇಡ, ಮನೋವೈದ್ಯ ಬೇಕು ಎಂದು ಮನಸ್ಸು ಬದಲಿಸಬಹುದು. ಇಲ್ಲಿ ಇಪ್ಪತ್ತೆರಡನೇ ವಯಸ್ಸಿಗೇ ವಿಭಾಗ ನಿರ್ಧಾರವಾಗಿಬಿಡುತ್ತದೆ. ‘ಒಂದು ವರ್ಷ ಓದಿ ಎಂ.ಡಿ.ಗೆ ವರ್ಗಾವಣೆ ತೆಗೆದುಕೊಂಡರಾಯಿತು’ ಎನ್ನುವ ಸಲಹೆ ಪಾರ್ಟಿಗಳಲ್ಲಿ ಓಡಾಡುತ್ತದೆ. ಅಂಥ ದಾರಿ ಇಲ್ಲ. ನಡುವೆ ಬಿಟ್ಟು ಹೊಸದಾಗಿ ಅರ್ಜಿ ಹಾಕಿದರೆ ಮೊದಲು ಕೇಳುವ ಪ್ರಶ್ನೆ, ಯಾಕೆ ಬಿಟ್ಟಿರಿ ಎಂಬುದೇ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಪಾದದ ಆಪರೇಷನ್ನೇ ನಿಮ್ಮ ಆಸೆಯಾದರೆ ಎಂ.ಡಿ. ದಾರಿ ನಾಲ್ಕು ವರ್ಷ, ಆರ್ಥೊಪೆಡಿಕ್ಸ್ ಐದು, ಪಾದ-ಕಣಕಾಲಿನ ಫೆಲೋಶಿಪ್ ಒಂದು: ಒಟ್ಟು ಹತ್ತು. ಆರ್ಥೊಪೆಡಿಕ್ಸ್ ಸೀಟು ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಡಿ.ಪಿ.ಎಂ. ಏಳು. ಗೊತ್ತಿದ್ದು ಬರುವವರಿಗೆ ಇದು ಒಳ್ಳೆಯ ವ್ಯಾಪಾರ.

ರೆಸಿಡೆನ್ಸಿಯ ವಿಷಯದಲ್ಲಿ ಹಳೆಯ ಹೆದರಿಕೆ ಈಗ ಅನಗತ್ಯ. 2013ರ ಹೊತ್ತಿಗೆ ಪದವಿ ಮುಗಿಸಿಯೂ ರೆಸಿಡೆನ್ಸಿ ಸಿಗದೆ ಎಷ್ಟೋ ಮಂದಿ ಕೈಚೆಲ್ಲಿ ಕೂರಬೇಕಾಗಿತ್ತು. ಈಗ ಅರ್ಜಿದಾರರಿಗಿಂತ ಸೀಟೇ ಹೆಚ್ಚು. ಪ್ರಶ್ನೆ ಇರುವುದು ಗುಣಮಟ್ಟದಲ್ಲಿ. ಮೂರು ವರ್ಷದಲ್ಲಿ ಒಬ್ಬ ರೆಸಿಡೆಂಟ್ ಕನಿಷ್ಠ 300 ಸರ್ಜಿಕಲ್ ಕೇಸುಗಳನ್ನು ಲಾಗ್ ಮಾಡಬೇಕು, ಹಿಂಪಾದ-ಕಣಕಾಲಿನ ಸರ್ಜರಿಯ ಸರ್ಟಿಫಿಕೇಟೂ ಬೇಕಾದರೆ ಅಲ್ಲಿನ ದೊಡ್ಡ ಕೆಲಸಗಳು 50. ಕೆಲವು ಕಡೆ ಈ ಕನಿಷ್ಠವನ್ನು ಮೊದಲ ವರ್ಷದಲ್ಲೇ ದಾಟುತ್ತಾರೆ, ಕೆಲವು ಕಡೆ ಮೂರನೇ ವರ್ಷದ ಕೊನೆಗೆ ಏದುಸಿರು ಬಿಡುತ್ತ ಮುಟ್ಟುತ್ತಾರೆ. ನಾಲ್ಕನೇ ವರ್ಷದಲ್ಲಿ ತಿಂಗಳಿಗೊಂದು ಆಸ್ಪತ್ರೆಯಂತೆ ಎಕ್ಸ್‌ಟರ್ನ್‌ಶಿಪ್ ಮಾಡುವಾಗ ಸೀನಿಯರ್ ರೆಸಿಡೆಂಟಿನ ಲಾಗ್ ತೋರಿಸಲು ಕೇಳಿ, ಬ್ಲೇಡ್ ಯಾರ ಕೈಯಲ್ಲಿತ್ತು ಎಂದೂ ಕೇಳಿ. ಪಕ್ಕದಲ್ಲಿ ನಿಂತು ಹಿಡಿದುಕೊಂಡದ್ದೇ ಬೇರೆ. ಇದು ಮುಂದೆ ಪಾದ-ಕಣಕಾಲಿನ ಸರ್ಜರಿಯ ಎ.ಬಿ.ಎಫ್.ಎ.ಎಸ್. ಬೋರ್ಡ್ ಸರ್ಟಿಫಿಕೇಶನ್ ಹೊತ್ತಿಗೆ ನೆನಪಾಗುತ್ತದೆ. ಪರೀಕ್ಷೆ ಪಾಸಾದ ಮೇಲೂ 7 ವರ್ಷದೊಳಗೆ ಸ್ವಂತವಾಗಿ ಮಾಡಿದ ಕೇಸುಗಳನ್ನು ಎಕ್ಸ್‌ರೇ, ಟಿಪ್ಪಣಿ ಸಮೇತ ಒಪ್ಪಿಸಬೇಕು. ಮೊದಲ ನೌಕರಿಯಲ್ಲಿ ಆಪರೇಷನ್ನೇ ಇಲ್ಲದಿದ್ದರೆ ಆ ಗಡುವು ಸುಮ್ಮನೆ ಕಳೆದುಹೋಗುತ್ತದೆ, ಆಮೇಲೆ ಕೆಲವು ಆಸ್ಪತ್ರೆಗಳಲ್ಲಿ ಸರ್ಜರಿಗೆ ಅನುಮತಿಯೇ ಸಿಗುವುದಿಲ್ಲ.

ಯಾವ ರಾಜ್ಯದಲ್ಲಿ ನೆಲೆಸುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಫ್ಲಾರಿಡಾದ ಕಾನೂನು ಮೊಣಕಾಲ ಕೆಳಗಿನ ಮೂಳೆಯುಬ್ಬಿನವರೆಗೂ ಸರ್ಜರಿಗೆ ಒಪ್ಪುತ್ತದೆ. ನ್ಯೂಯಾರ್ಕ್‌ನಲ್ಲಿ 2014ರವರೆಗೆ ಕಣಕಾಲು ಮುಟ್ಟುವಂತೆಯೇ ಇರಲಿಲ್ಲ. ಈಗಲೂ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು.

ದುಡ್ಡು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಹಳೆಯ ಲೆಕ್ಕಾಚಾರವನ್ನೆಲ್ಲ ಬುಡಮೇಲು ಮಾಡಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ (ಪೂರ್ತಿ ಖರ್ಚಿಗೂ ಸಿಗುತ್ತಿದ್ದ ಫೆಡರಲ್ ಸಾಲ) ಇಲ್ಲ. ಎಂ.ಡಿ. ಇರಲಿ, ಪೋಡಿಯಾಟ್ರಿ ಇರಲಿ, ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ, ಅಷ್ಟೇ. ಊಟ-ಬಾಡಿಗೆ ಸೇರಿ ವರ್ಷಕ್ಕೆ 75,000 ಆಗುವ ಊರಾದರೆ ಉಳಿದ 25,000 ಖಾಸಗಿ ಬ್ಯಾಂಕಿನಿಂದ ಬರಬೇಕು, ಅದಕ್ಕೆ ಜಾಮೀನು ಅಪ್ಪನದೋ ಅಮ್ಮನದೋ. ನಾಲ್ಕು ವರ್ಷಕ್ಕೆ 1 ಲಕ್ಷ. ಅವರ ಮನೆ ಸಾಲ, ನಿವೃತ್ತಿಯ ಲೆಕ್ಕ ಎಲ್ಲಕ್ಕೂ ಇದು ಗಂಟುಬೀಳುತ್ತದೆ.

2025-26ರ ಬಡ್ಡಿ ದರ 7.94 ಶೇಕಡಾ. ಅದೇ ದರ ಮುಂದುವರಿದರೆ ಫೆಡರಲ್ 2 ಲಕ್ಷದ ಮೇಲೆ ಓದು ಮುಗಿಯುವ ಹೊತ್ತಿಗೇ ಸುಮಾರು 40,000 ಬಡ್ಡಿ ಬೆಳೆದಿರುತ್ತದೆ. ರೆಸಿಡೆನ್ಸಿಯಲ್ಲಿ 65,000 ಆದಾಯ ಎಂದುಕೊಂಡರೆ ಹೊಸ ರ‍್ಯಾಪ್ ಯೋಜನೆಯಲ್ಲಿ (ಆದಾಯಕ್ಕೆ ತಕ್ಕಂತೆ ಸಾಲದ ಕಂತು ಕಟ್ಟುವುದು) ಅದರ 6 ಶೇಕಡಾ, ತಿಂಗಳಿಗೆ 325 ಡಾಲರ್ ಕಟ್ಟಬೇಕು. ಬಡ್ಡಿಯೇ ತಿಂಗಳಿಗೆ 1,300ಕ್ಕೂ ಹೆಚ್ಚು. ತಪ್ಪದೆ ಕಂತು ಕಟ್ಟುತ್ತಿದ್ದರೆ ಉಳಿದ ಬಡ್ಡಿ ಮನ್ನಾ. ಖಾಸಗಿ ಸಾಲಕ್ಕೆ ಈ ದಯೆ ಇಲ್ಲ. ಹಾಗಾಗಿ ಊರು ಮತ್ತು ಫೀಸು ನೋಡಿ ಕಾಲೇಜು ಆರಿಸುವುದು ಈಗ ಜಿಪುಣತನವಲ್ಲ. ಸ್ಕಾಲರ್‌ಶಿಪ್ ಪತ್ರ ಬಂದರೆ ಮೊತ್ತಕ್ಕಿಂತ ಮೊದಲು ಷರತ್ತು ಓದಿ. ಇಂತಿಷ್ಟು ಜಿ.ಪಿ.ಎ. ಇದ್ದರೆ ಮಾತ್ರ ಎಂದಿದ್ದರೆ, ತರಗತಿಯಲ್ಲಿ ಎಷ್ಟು ಜನ ಅದನ್ನು ಎರಡನೇ ವರ್ಷಕ್ಕೂ ಉಳಿಸಿಕೊಂಡರು ಎಂದು ಕೇಳಬೇಕು.

ಗಳಿಕೆಯ ವಿಷಯದಲ್ಲಿ ಸರ್ಕಾರಿ ಅಂಕಿ ಪೋಡಿಯಾಟ್ರಿಸ್ಟರ ಮಧ್ಯಮ ವಾರ್ಷಿಕ ಸಂಬಳವನ್ನು ಸುಮಾರು ಒಂದೂವರೆ ಲಕ್ಷ ಡಾಲರ್ ಎನ್ನುತ್ತದೆ. ಎಂ.ಡಿ.ಗಳ ಬಹುತೇಕ ವಿಭಾಗಗಳು ಇದಕ್ಕಿಂತ ಮೇಲಿವೆ. ಆದರೆ ಈ ಒಂದು ಅಂಕಿಯೊಳಗೆ ಎರಡು ಬೇರೆ ಲೋಕಗಳಿವೆ. ಆಸ್ಪತ್ರೆ ಅಥವಾ ಆರ್ಥೊಪೆಡಿಕ್ ಗುಂಪಿನ ನೌಕರಿ ಚೆನ್ನಾಗಿ ಕೊಡುತ್ತದೆ. ಖಾಸಗಿ ಕ್ಲಿನಿಕ್ಕಿನಲ್ಲಿ ಅಸೋಸಿಯೇಟ್ ಆಗಿ ಸೇರಿದರೆ ಒಪ್ಪಂದ ಹೀಗಿರಬಹುದು: ಮೂಲ ಸಂಬಳ 1,20,000, ನಿಮ್ಮಿಂದ ವಸೂಲಾದ ಹಣ ಅದರ ಮೂರು ಪಟ್ಟು, ಅಂದರೆ 3,60,000 ದಾಟಿದ ಮೇಲೆ ಬಂದದ್ದರಲ್ಲಿ 30 ಶೇಕಡಾ. ವರ್ಷಕ್ಕೆ 4,50,000 ವಸೂಲಾದರೆ ನಿಮಗೆ ಹೆಚ್ಚುವರಿ 27,000. ಇಲ್ಲಿ ‘ವಸೂಲಾದ’ ಎಂಬುದೇ ಮುಖ್ಯ: ಬಿಲ್ ಮಾಡಿದ್ದಲ್ಲ, ಇನ್ಶೂರೆನ್ಸ್ ಕೊಟ್ಟದ್ದು. ಬಿಲ್ಲಿಂಗ್ ಸಿಬ್ಬಂದಿ ಸೋಮಾರಿಗಳಾದರೆ ನಿಮ್ಮ ಬೋನಸ್ ಹಾರಿಹೋಗುತ್ತದೆ. ತಿಂಗಳಿಗೊಮ್ಮೆ ವಸೂಲಿ ಪಟ್ಟಿ ನೋಡುವ ಹಕ್ಕನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಕನ್ನಡಿಗ ಮನೆಗಳಲ್ಲಿ ಇದೆಲ್ಲಕ್ಕೂ ಮೊದಲು ಕೇಳಬೇಕಾದದ್ದು ವೀಸಾ. ಎಚ್-4ನಲ್ಲಿ (ಎಚ್-1ಬಿ ನೌಕರರ ಕುಟುಂಬದ ವೀಸಾ) ಬೆಳೆದ ಮಗು 21 ತುಂಬಿದ ದಿನ ಆ ವೀಸಾದಿಂದ ಹೊರಗೆ. ಹಸಿರು ಕಾರ್ಡಿನ ಸರದಿ ಎಷ್ಟೋ ಸಲ ಅಷ್ಟರಲ್ಲಿ ಬಂದಿರುವುದಿಲ್ಲ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದವರಿಗೆ ಫೆಡರಲ್ ಸಾಲವಿಲ್ಲ. ಬಹುಪಾಲು ಎಂ.ಡಿ. ಕಾಲೇಜುಗಳು ಪೌರರನ್ನೂ ಹಸಿರು ಕಾರ್ಡಿನವರನ್ನೂ ಮಾತ್ರ ತೆಗೆದುಕೊಳ್ಳುತ್ತವೆ. ಬೇರೆಯವರನ್ನು ತೆಗೆದುಕೊಳ್ಳುವ ಕೆಲವು ಕಡೆ ನಾಲ್ಕೂ ವರ್ಷದ ಫೀಸನ್ನು ಮುಂಗಡವಾಗಿ ಎಸ್ಕ್ರೋದಲ್ಲಿ (ಮೂರನೆಯವರ ವಶದ ಖಾತೆಯಲ್ಲಿ) ಇಡಲು ಹೇಳುತ್ತಾರೆ. ಪೋಡಿಯಾಟ್ರಿ ಕಾಲೇಜು ಸೇರುವುದು ಇವರಿಗೆ ಸುಲಭವಾದೀತು, ಆದರೆ ನಾಲ್ಕು ವರ್ಷದ ನಂತರ ರೆಸಿಡೆನ್ಸಿಗೂ ವೀಸಾ ಬೇಕು. ಆ ಕಾಲೇಜಿನಿಂದ ಹೋದ ವಿದೇಶಿ ವಿದ್ಯಾರ್ಥಿಗಳು ಯಾವ ವೀಸಾದಲ್ಲಿ, ಯಾವ ಆಸ್ಪತ್ರೆ ಸೇರಿದರು ಎಂದು ಲಿಖಿತವಾಗಿ ಕೇಳಿ. ಹಾರಿಕೆಯ ಉತ್ತರ ಬಂದರೆ ಠೇವಣಿ ಕಟ್ಟಬೇಡಿ.

‘ಮುಂದೆ ಬೆಂಗಳೂರಿಗೇ ಹೋಗಿ ಪ್ರಾಕ್ಟೀಸ್ ಮಾಡ್ತೀನಿ’ ಎನ್ನುವವರಿಗೂ ಒಂದು ಮಾತು. ಡಿ.ಪಿ.ಎಂ. ಭಾರತದಲ್ಲಿ ವೈದ್ಯಕೀಯ ಪದವಿಯಾಗಿ ನೋಂದಣಿಯಾಗುವುದಿಲ್ಲ. ಅಲ್ಲಿ ಪಾದದ ಚಿಕಿತ್ಸೆ ಇಲ್ಲವೆಂದಲ್ಲ. ಬೆಂಗಳೂರಿನ ಸರ್ಕಾರಿ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪೋಡಿಯಾಟ್ರಿ ವಿಭಾಗವೇ ಇದೆ. ಆದರೆ ಭಾರತದಲ್ಲಿ ಪಾದಕ್ಕೆ ಚಾಕು ಹಿಡಿಯಬೇಕಾದರೆ ಎಂ.ಬಿ.ಬಿ.ಎಸ್. ಮುಗಿಸಿ, ಸರ್ಜರಿಯನ್ನೋ ಅಂಥದ್ದೇ ಇನ್ನೊಂದು ವಿಷಯವನ್ನೋ ಓದಿರಬೇಕು.

ಕೊನೆಗೆ ಕ್ಯಾಲೆಂಡರ್. ಎಂ.ಡಿ. ಅರ್ಜಿ ಮೇ ಕೊನೆಗೆ ಸಲ್ಲಿಕೆಗೆ ತೆರೆಯುತ್ತದೆ, ಪೋಡಿಯಾಟ್ರಿಯದು ಆಗಸ್ಟ್‌ಗೆ. ಎರಡಕ್ಕೂ ಒಂದೇ ವರ್ಷ ಹಾಕಬಹುದು, ಯಾವ ನಿಯಮವೂ ತಡೆಯುವುದಿಲ್ಲ; ಆದರೆ ಎಂ.ಡಿ.ಗೆ ಬರೆದ ಪ್ರಬಂಧವನ್ನೇ ಹೆಸರು ಬದಲಿಸಿ ಕಳಿಸಿದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಎಂಕ್ಯಾಟ್ ಮತ್ತೆ ಬರೆಯುವುದಾದರೆ ವರ್ಷಕ್ಕೆ 3, ಎರಡು ವರ್ಷಕ್ಕೆ 4, ಜೀವನಕ್ಕೆ 7 ಸಲ ಎಂಬ ಮಿತಿ ನೆನಪಿರಲಿ. ಅಭ್ಯಾಸ ಪರೀಕ್ಷೆಯಲ್ಲಿ 505 ಸ್ಥಿರವಾಗಿ ಬರುತ್ತಿದ್ದು ಅಸಲಿನಲ್ಲಿ 497 ಬಂದಿದ್ದರೆ, ಜಿ.ಪಿ.ಎ.ಯೂ 3.6ರ ಹತ್ತಿರವಿದ್ದರೆ, ಒಂದು ವರ್ಷ ತಡೆದು ಡಿ.ಒ.ಗೂ ಸೇರಿಸಿ ಹಾಕುವುದೇ ಮೇಲು. ಮೂರು ಸಲ ಬರೆದೂ ಅದೇ ಅಂಕದಲ್ಲಿ ನಿಂತಿದ್ದರೆ, ಕ್ಲಿನಿಕ್ಕಿನಲ್ಲಿ ಕೂತು ನೋಡಿ ಕೆಲಸ ಹಿಡಿಸಿಯೂ ಇದ್ದರೆ, ನಾಲ್ಕನೇ ಸಲಕ್ಕೆ ದುಡ್ಡು ಸುರಿಯುವ ಬದಲು ಪೋಡಿಯಾಟ್ರಿಗೆ ಆಗಸ್ಟ್‌ನಲ್ಲೇ ಹಾಕಿ. ಸೀಟೂ ಸ್ಕಾಲರ್‌ಶಿಪ್ಪೂ ಬಂದವರಿಗೆ ಬಂದ ಹಾಗೆ ಹಂಚಿಹೋಗುತ್ತವೆ.

ಪೋಡಿಯಾಟ್ರಿ ಸೀಟು ಕೈಯಲ್ಲಿದ್ದು ಎಂ.ಡಿ. ವೇಟ್‌ಲಿಸ್ಟಿನಲ್ಲಿ ಹೆಸರಿರುವವರ ಪಾಡು ಬೇರೆ. ವೇಟ್‌ಲಿಸ್ಟ್ ನಿಜವಾಗಿ ಅಲುಗುವುದು ಏಪ್ರಿಲ್ 30ರ ನಂತರ, ಕೆಲವೊಮ್ಮೆ ಜುಲೈವರೆಗೂ. ಪೋಡಿಯಾಟ್ರಿಯ ಠೇವಣಿ ಅಷ್ಟರಲ್ಲಿ ಕಟ್ಟಿ ಆಗಿರುತ್ತದೆ, ಸಾಮಾನ್ಯವಾಗಿ ಅದು ವಾಪಸ್ ಬರುವುದಿಲ್ಲ. ಎಂ.ಡಿ.ಯಿಂದ ಕರೆ ಬಂದು ಹೋಗುವುದೆಂದು ತೀರ್ಮಾನಿಸಿದರೆ ಆ ದಿನವೇ ಪೋಡಿಯಾಟ್ರಿ ಕಾಲೇಜಿಗೆ ಬರೆದು ತಿಳಿಸಿ, ಸಾಲದ ಅರ್ಜಿಯನ್ನೂ ಅಲ್ಲಿಂದ ರದ್ದು ಮಾಡಿಸಿ. ಇಲ್ಲದಿದ್ದರೆ ಎರಡು ಕಾಲೇಜಿನ ಹೆಸರಿನಲ್ಲಿ ಒಂದೇ ವರ್ಷದ ಸಾಲ ಸಿಕ್ಕಿಕೊಂಡು, ಫೀಸಿನ ಗಡುವಿನ ವಾರದಲ್ಲಿ ಫೈನಾನ್ಶಿಯಲ್ ಏಡ್ ಆಫೀಸಿಗೆ ಅಲೆಯಬೇಕಾಗುತ್ತದೆ.